ನೆಡಬೇಡಿ ಮಾಸ್ತರೇ, ಮೊದಲು ನೀರಿನ ಲೆಕ್ಕ ಹೇಳಿ

ಈ ಮಾತನ್ನು ಒಬ್ಬ ಸಾಲಿ ಮಾಸ್ತರನೇ ಬರೆಯಬಾರದು ಎನ್ನುತ್ತೀರೇನೋ. ಆದರೂ ಬರೆಯುತ್ತೇನೆ. ಬರುವ ಮಳೆಗಾಲದಲ್ಲಿ ನಿಮ್ಮ ಶಾಲೆಯ ಅಂಗಳದಲ್ಲಿ ದಯವಿಟ್ಟು ನೂರು, ಇನ್ನೂರು ಗಿಡ ನೆಡಬೇಡಿ. ಹತ್ತು ನೆಡಿ. ಹತ್ತಕ್ಕೂ ನೀರಿನ ಲೆಕ್ಕ ಹೇಳಲು ಆಗದಿದ್ದರೆ ಐದು ನೆಡಿ. ಅದೂ ಆಗದಿದ್ದರೆ ಒಂದನ್ನೂ ನೆಡಬೇಡಿ. ಕಳೆದ ವರ್ಷ ನೆಟ್ಟು ಇನ್ನೂ ಉಸಿರಾಡುತ್ತಿರುವ ಒಂದೆರಡನ್ನು ಉಳಿಸಿಕೊಳ್ಳಿ, ಸಾಕು.

ಈ ಮಾತು ಕಹಿ ಎನಿಸಬಹುದು. ಎನಿಸಲಿ, ಬೇವಿನ ವಿಷಯ ತಾನೇ!

ಇಟಿಕ್ಯಾಲದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಂದು ಕಡೆ ಬೀಚುಪಲ್ಲಿಯಲ್ಲಿ ಕೃಷ್ಣೆ, ಇನ್ನೊಂದು ಕಡೆ ಅಲಂಪುರದ ಹತ್ತಿರ ತುಂಗಭದ್ರೆ. ಎರಡು ಹೊಳೆಗಳ ನಡುವಿನ ಈ ಸೀಮೆಗೆ ನಡಿಗಡ್ಡ ಎಂದೇ ಹೆಸರು. ಹಾಗಂತ ಇದು ಮಲೆನಾಡಲ್ಲ ಸ್ವಾಮಿ. ತೆಲಂಗಾಣದಲ್ಲಿ ಮಳೆ ಕಡಿಮೆ ಬೀಳುವ ಜಿಲ್ಲೆಗಳ ಸಾಲಿನಲ್ಲಿ ನಮ್ಮ ಗದ್ವಾಲವೂ ಇದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಕ್ತಲ್, ನಾರಾಯಣಪೇಟೆ ಕಡೆಯ ಕಥೆಯೂ ಇದೇ, ಗಡಿಯ ಆಚೆ ರಾಯಚೂರಿನ ಕಥೆಯೂ ಇದೇ. ಇಂಥ ನೆಲದಲ್ಲಿ ಗಿಡ ನೆಡುವುದು ಒಂದು ದಿನದ ಕೆಲಸ, ಉಳಿಸುವುದು ಮೂರು ಬೇಸಿಗೆಯ ಕೆಲಸ. ನಾವು ಆ ಒಂದು ದಿನದ ಕೆಲಸವನ್ನು ಮಾತ್ರ ಭಾರೀ ಸಂಭ್ರಮದಿಂದ ಮಾಡುತ್ತೇವೆ.

ಜುಲೈನಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಸಸಿಗಳು ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಹುಡುಗರು ಗುಂಡಿ ತೋಡುತ್ತಾರೆ. ಒಂದು ಸಸಿಗೆ ಹತ್ತು ಕೈ ಹಚ್ಚಿ ಫೋಟೋ. ಆಮೇಲೆ ಗಿಡಗಳ ಸಂಖ್ಯೆ, ಫೋಟೋ, ವರದಿ ಎಲ್ಲವೂ ಮೇಲಕ್ಕೆ ಹೋಗುತ್ತವೆ. ಮುಂದಿನ ಜುಲೈನಲ್ಲಿ ಅದೇ ಗುಂಡಿಯನ್ನು ಮತ್ತೆ ಕೆದಕಿ ಹೊಸ ಸಸಿ ಇಡುತ್ತೇವೆ. ಗುಂಡಿ ಹಳೆಯದು, ಗಿಡ ಮಾತ್ರ ಹೊಸದು! ಇಷ್ಟು ವರ್ಷಗಳಲ್ಲಿ ನಮ್ಮ ಶಾಲೆಗಳಲ್ಲಿ ನೆಟ್ಟೆವೆಂದು ಬರೆದ ಗಿಡಗಳೆಲ್ಲ ಬದುಕಿದ್ದರೆ ಅಂಗಳದಲ್ಲಿ ಹುಡುಗರಿಗೆ ಕಬಡ್ಡಿ ಆಡಲು ಜಾಗ ಇರುತ್ತಿರಲಿಲ್ಲ.

ಇದು ಇಂದಿನ ರೋಗವಲ್ಲ. 1950ರಲ್ಲಿ ಆಗಿನ ಕೇಂದ್ರ ಮಂತ್ರಿ ಕೆ.ಎಂ. ಮುನ್ಷಿ ವನಮಹೋತ್ಸವ ಶುರು ಮಾಡಿದರು. ಅಲ್ಲಿಂದ ಎಪ್ಪತ್ತೈದು ವರ್ಷ ದಾಟಿದೆ. ನಮ್ಮ ತೆಲಂಗಾಣದಲ್ಲಿ 2015ರ ಜುಲೈನಲ್ಲಿ ಹರಿತ ಹಾರಂ ಬಂತು. ರಾಜ್ಯದ ಹಸಿರನ್ನು ಶೇ. 24ರಿಂದ ಶೇ. 33ಕ್ಕೆ ಏರಿಸಬೇಕು, 230 ಕೋಟಿ ಸಸಿ ನೆಡಬೇಕು ಎಂಬುದು ಅದರ ಗುರಿ. ಸರ್ಕಾರ ಬದಲಾದ ಮೇಲೆ 2024ರಲ್ಲಿ ಹೆಸರು ಮತ್ತೆ ವನಮಹೋತ್ಸವ ಆಯಿತು. ಅದೇ ವರ್ಷ ಜೂನ್ 5ರಂದು ದೆಹಲಿಯಿಂದ ತಾಯಿಯ ಹೆಸರಲ್ಲಿ ಒಂದು ಗಿಡ ನೆಡುವ ಅಭಿಯಾನ ಬಂತು. ಯಾವ ಪಕ್ಷ, ಯಾವ ಸರ್ಕಾರ ಎಂಬ ಜಗಳ ನನಗೆ ಬೇಡ. ನನ್ನ ಪ್ರಶ್ನೆ ಒಂದೇ. ನೆಟ್ಟ ದಿನದ ಫೋಟೋ ಕೇಳುವವರು ಮೂರನೇ ಬೇಸಿಗೆಯ ಫೋಟೋ ಯಾಕೆ ಕೇಳುವುದಿಲ್ಲ?

ಹಾಗೆಂದು ಕಾನೂನೇ ಇಲ್ಲ ಎನ್ನುವಂತಿಲ್ಲ. 2018ರ ತೆಲಂಗಾಣ ಪಂಚಾಯತ್ ರಾಜ್ ಕಾಯ್ದೆ ನೆಟ್ಟ ಸಸಿಗಳಲ್ಲಿ ಶೇ. 85ರಷ್ಟು ಬದುಕಬೇಕು ಎಂದು ಹೇಳಿತು. ಸರಪಂಚರನ್ನೂ ಪಂಚಾಯಿತಿ ಕಾರ್ಯದರ್ಶಿಯನ್ನೂ ಅದಕ್ಕೆ ಹೊಣೆ ಮಾಡಿತು. ಒಳ್ಳೆಯ ಮಾತೇ. ಆದರೆ 2024ರ ಫೆಬ್ರವರಿಯಲ್ಲಿ ಸರಪಂಚರ ಅವಧಿ ಮುಗಿಯಿತು, ಮುಂದಿನ ಚುನಾವಣೆ ನಡೆದದ್ದು 2025ರ ಡಿಸೆಂಬರಿನಲ್ಲಿ. ನಡುವೆ ಎರಡು ಬೇಸಿಗೆ ಬಂದು ಹೋದವು. ಸಸಿಗೆ ಚುನಾವಣೆ ಗೊತ್ತಿಲ್ಲವಲ್ಲ! ಇನ್ನು ಶಾಲೆಯ ಕಾಂಪೌಂಡಿನ ಒಳಗಿನ ಗಿಡ ಯಾರದು? ಪಂಚಾಯಿತಿಯನ್ನು ಕೇಳಿದರೆ ಶಾಲೆಯದು, ಶಾಲೆಯನ್ನು ಕೇಳಿದರೆ ಪಂಚಾಯಿತಿಯದು. ಇಬ್ಬರು ನೆಂಟರ ನಡುವೆ ಉಪವಾಸ ಬಿದ್ದ ಕೂಸಿನಂತಾಗಿದೆ ಅದರ ಪಾಡು.

ಈಗ ಎಲ್ಲರೂ ನೋಡಿಯೂ ನೋಡದಂತೆ ಇರುವ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಗಳು ತೆರೆಯುವುದು ಜೂನ್ 12ಕ್ಕೆ. 2025ರಲ್ಲಿ ಬೇಸಿಗೆ ರಜೆ ಏಪ್ರಿಲ್ 24ರಿಂದ ಜೂನ್ 11ರವರೆಗೆ ಇತ್ತು. ಎಣಿಸಿ ನೋಡಿ, ಸರಿಯಾಗಿ 49 ದಿನ. ಅಂದರೆ ಏಳು ವಾರ. ವರ್ಷದ ಅತಿ ಕೆಟ್ಟ ಬಿಸಿಲಿನ ಏಳು ವಾರ ಶಾಲೆಗೆ ಬೀಗ! ಜುಲೈನಲ್ಲಿ ನೆಟ್ಟ ಸಸಿ ಮಳೆಗಾಲವನ್ನು ತಾನೇ ದಾಟುತ್ತದೆ, ಚಳಿಗಾಲವನ್ನು ಹುಡುಗರ ನೀರಿನಿಂದ ದಾಟುತ್ತದೆ, ಬೇಕಾದ ಹೊತ್ತಿಗೆ ಸರಿಯಾಗಿ ಎಲ್ಲರೂ ಊರಿಗೆ ಹೊರಟಿರುತ್ತೇವೆ. ರಾಯಚೂರು ಕಡೆಯೂ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಹೀಗೆಯೇ. ನಮ್ಮ ಶಾಲೆಯ ಗಿಡಗಳನ್ನು ಆಡು ತಿಂದಿತು, ಗೆದ್ದಲು ತಿಂದಿತು ಎನ್ನುತ್ತೇವೆ. ಅವೂ ತಿನ್ನುತ್ತವೆ, ಸುಳ್ಳಲ್ಲ. ಆದರೆ ಹೆಚ್ಚಿನವನ್ನು ತಿನ್ನುವುದು ನಮ್ಮ ರಜೆ.

ಆದ್ದರಿಂದ ಜುಲೈನಲ್ಲಿ ಸಸಿ ಕೈಗೆ ತೆಗೆದುಕೊಳ್ಳುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಬೇಕು. ಆ ಏಳು ವಾರ ಇದಕ್ಕೆ ನೀರು ಹಾಕುವವರು ಯಾರು? ಹೆಸರು ಹೇಳಿ. "ಮಕ್ಕಳು" ಎನ್ನಬೇಡಿ, "ಊರವರು" ಎನ್ನಬೇಡಿ. ಊರವರು ಎಂದರೆ ಯಾರೂ ಅಲ್ಲ ಎಂದೇ ಅರ್ಥ.

"ಮಾಸ್ತರೇ, ಕುಡಿಯಲಿಕ್ಕೇ ನೀರಿಲ್ಲ, ಗಿಡಕ್ಕೆಲ್ಲಿಂದ?" ಎಂದು ಕೇಳುವವರಿಗೆ ಸ್ವಲ್ಪ ಲೆಕ್ಕ ಹೇಳುತ್ತೇನೆ. ಬೇಸಿಗೆಯಲ್ಲಿ ಒಂದು ಎಳೆ ಗಿಡಕ್ಕೆ ವಾರಕ್ಕೆ ಎರಡು ಸಲ ಹತ್ತತ್ತು ಲೀಟರ್ ಎಂದುಕೊಳ್ಳಿ. ವಾರಕ್ಕೆ 20 ಲೀಟರ್. ಹತ್ತು ಗಿಡಕ್ಕೆ 200 ಲೀಟರ್. ಏಳು ವಾರಕ್ಕೆ 1,400 ಲೀಟರ್. 5,000 ಲೀಟರಿನ ಒಂದು ಟ್ಯಾಂಕರಿನಲ್ಲಿ ಮೂರನೇ ಒಂದು ಭಾಗವೂ ಆಗುವುದಿಲ್ಲ! ಈಗ ಇದೇ ಲೆಕ್ಕವನ್ನು 200 ಗಿಡಕ್ಕೆ ಹಾಕಿ. 28,000 ಲೀಟರ್, ಅಂದರೆ ಹೆಚ್ಚುಕಡಿಮೆ ಆರು ಟ್ಯಾಂಕರ್. ಯಾವ ಊರೂ ಮೇ ತಿಂಗಳಲ್ಲಿ ಶಾಲೆಯ ಗಿಡಕ್ಕೆ ಆರು ಟ್ಯಾಂಕರ್ ಕೊಡುವುದಿಲ್ಲ. ಕೊಡಬೇಕೆಂದು ಕೇಳುವುದೂ ನ್ಯಾಯವಲ್ಲ. ಆದರೆ ಒಂದು ಟ್ಯಾಂಕರಿನಲ್ಲಿ ಮೂರನೇ ಒಂದು ಭಾಗ ಕೇಳಿದರೆ ಇಲ್ಲ ಎನ್ನುವ ಊರು ನಮ್ಮ ಸೀಮೆಯಲ್ಲಿ ಇಲ್ಲ ಎಂದು ನನ್ನ ನಂಬಿಕೆ.

ಶಾಲೆ ನಡೆಯುವ ದಿನಗಳಲ್ಲಂತೂ ನೀರಿನ ನೆಪ ಹೇಳಲೇಬಾರದು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ನೂರು ಮಕ್ಕಳು ಕೈ, ತಟ್ಟೆ ತೊಳೆಯಲು ತಲಾ ಎರಡು ಲೀಟರ್ ಬಳಸಿದರೂ ದಿನಕ್ಕೆ 200 ಲೀಟರ್ ಆಯಿತು. ಹತ್ತು ಗಿಡಗಳಿಗೆ ಒಂದು ವಾರಕ್ಕೆ ಬೇಕಾದಷ್ಟು ನೀರು ಒಂದೇ ದಿನದಲ್ಲಿ ಗೋಡೆ ಪಕ್ಕ ಹರಿದು ಕೆಸರಾಗಿ ಸೊಳ್ಳೆ ಸಾಕುತ್ತದೆ. ಒಂದು ಸಣ್ಣ ಕಾಲುವೆ ತೋಡಿ ಅದನ್ನು ಗಿಡದ ಪಾತಿಗೆ ತಿರುಗಿಸಲು ಯಾವ ಆದೇಶ ಬೇಕು ಹೇಳಿ? ಸೋಪಿನ ನೀರು ಮಾತ್ರ ಬೇರೆ ಕಡೆ ಹೋಗಲಿ.

ಇನ್ನೊಂದು ವಾದವಿದೆ. ಬಹಳ ಜನ ಇದನ್ನೇ ಹೇಳುತ್ತಾರೆ. "ಇನ್ನೂರು ನೆಟ್ಟರೆ ಇಪ್ಪತ್ತಾದರೂ ಉಳಿಯುತ್ತವೆ, ಹತ್ತು ನೆಟ್ಟರೆ ಒಂದು ಉಳಿಯುತ್ತದೆ." ಕೇಳಲು ಸರಿ ಎನಿಸುತ್ತದೆ. ಆದರೆ ಗಿಡ ಲಾಟರಿ ಟಿಕೀಟಲ್ಲ. ಶಾಲೆಯಲ್ಲಿರುವ ನೀರು ಅಷ್ಟೇ, ಹುಡುಗರ ಕೈ ಅಷ್ಟೇ. ಅದನ್ನು ಇನ್ನೂರಕ್ಕೆ ಹಂಚಿದರೆ ಒಂದೊಂದಕ್ಕೆ ಒಂದು ಲೋಟ ಬರುತ್ತದೆ. ಒಂದು ಲೋಟ ನೀರು ಮೇಲಿನ ಮಣ್ಣನ್ನು ತೋಯಿಸುತ್ತದೆ, ಬೇರಿನವರೆಗೆ ಇಳಿಯುವುದೇ ಇಲ್ಲ. ಹೀಗೆ ಹಂಚಿದರೆ ಇನ್ನೂರೂ ಒಟ್ಟಿಗೆ ಒಣಗುತ್ತವೆ.

ಇದಕ್ಕೆ ನಮ್ಮ ಕನ್ನಡ ನಾಡಿನದೇ ದೊಡ್ಡ ಸಾಕ್ಷಿ ಇದೆ. ಸಾಲುಮರದ ತಿಮ್ಮಕ್ಕ ಯಾರಿಗೆ ಗೊತ್ತಿಲ್ಲ? 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರ್ 14ರಂದು ತೀರಿಕೊಂಡರು. ಅವರ ಫೋಟೋ ನಮ್ಮ ಶಾಲೆಯ ಗೋಡೆಗಳ ಮೇಲೂ ಇದೆ. ಹುಲಿಕಲ್ಲಿನಿಂದ ಕುದೂರಿನವರೆಗೆ ಅವರು, ಅವರ ಗಂಡ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು 385 ಎನ್ನುತ್ತಾರೆ. ಈ 385 ಮಾತ್ರ ನಮಗೆ ಬಾಯಿಪಾಠ. ಮೊದಲ ವರ್ಷ ಅವರು ನೆಟ್ಟದ್ದು ಎಷ್ಟು ಗೊತ್ತೇ? ಹತ್ತು! ಎರಡನೇ ವರ್ಷ ಹದಿನೈದು, ಮೂರನೇ ವರ್ಷ ಇಪ್ಪತ್ತು. ಕೊಡ ಹೊತ್ತು ನಾಲ್ಕು ಕಿಲೋಮೀಟರ್ ನಡೆದು ನೀರು ಹಾಕಿದರು, ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದರು. ಕೂಲಿ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ ತಮ್ಮ ಕೊಡ ಎಷ್ಟು ಗಿಡಕ್ಕೆ ಸಾಲುತ್ತದೆ ಎಂದು ತಿಳಿದು ಅಷ್ಟೇ ನೆಟ್ಟರು. ಓದು ಬರಹ ಬಾರದ ಆ ತಾಯಿಗೆ ಗೊತ್ತಿದ್ದ ಲೆಕ್ಕ ಬಿ.ಎಡ್. ಮಾಡಿದ ನಮಗೆ ಯಾಕೆ ತಿಳಿಯುವುದಿಲ್ಲ? ಜೂನ್ 5ರಂದು ಅವರ ಬಗ್ಗೆ ಭಾಷಣ ಮಾಡುತ್ತೇವೆ, ಜುಲೈನಲ್ಲಿ ಅವರು ಮಾಡಿದ್ದಕ್ಕೆ ಸರಿಯಾಗಿ ಉಲ್ಟಾ ಮಾಡುತ್ತೇವೆ.

ನಮ್ಮ ಹತ್ತಿರದ್ದೇ ಮತ್ತೊಂದು ಉದಾಹರಣೆ ಮಹಬೂಬನಗರದ ಪಿಲ್ಲಲಮರ್ರಿ. ಎಕರೆಗಟ್ಟಲೆ ಹಬ್ಬಿದ ಆ ಹಳೆಯ ಆಲದ ಮರಕ್ಕೆ ಗೆದ್ದಲು ಹಿಡಿದು ಕೊಂಬೆ ಮುರಿದು ಬಿತ್ತು. 2018ರಲ್ಲಿ ಆಸ್ಪತ್ರೆಯ ರೋಗಿಗೆ ಕಟ್ಟುವಂತೆ ಕೊಂಬೆಗಳಿಗೆ ನೂರಾರು ಸಲೈನ್ ಬಾಟಲಿ ಕಟ್ಟಿ ಹನಿ ಹನಿಯಾಗಿ ಗೆದ್ದಲಿನ ಔಷಧ ಬಿಟ್ಟರು. ದೇಶದ ಪತ್ರಿಕೆಗಳೆಲ್ಲ ಆ ಫೋಟೋ ಹಾಕಿದವು. ಮಾಡಿದ್ದು ಒಳ್ಳೆಯದೇ. ಆದರೆ ಇವತ್ತು ಸಸಿಗೆ ಒಂದು ಕೊಡ ನೀರು ಕೊಡದೆ, ನಾಳೆಯ ಪಿಲ್ಲಲಮರ್ರಿ ಎಲ್ಲಿಂದ ಬರಬೇಕು?

ಗಿಡದ ಜಾತಿಯ ವಿಷಯಕ್ಕೆ ಬಂದರೆ ಅಲ್ಲೂ ಇದೇ ಸಂಖ್ಯೆಯ ಚಟ. ಕೊನೊಕಾರ್ಪಸ್ ನೆನಪಿದೆಯೇ? ರಸ್ತೆ ನಡುವೆ, ಕಚೇರಿ ಮುಂದೆ, ಶಾಲೆ ಅಂಗಳದಲ್ಲಿ ಎಲ್ಲಿ ನೋಡಿದರೂ ಅದೇ. ಬೇಗ ಬೆಳೆಯುತ್ತದೆ, ವರ್ಷವಿಡೀ ಹಸಿರಾಗಿ ಕಾಣುತ್ತದೆ, ಆಡು ಮೂಸುವುದಿಲ್ಲ. ಲೆಕ್ಕ ತೋರಿಸಲು ಅದಕ್ಕಿಂತ ಅನುಕೂಲದ ಗಿಡ ಇಲ್ಲ. ಕೊನೆಗೆ 2022ರಲ್ಲಿ ಸರ್ಕಾರವೇ ಅದನ್ನು ನೆಡಬೇಡಿ ಎಂದಿತು. ಹುಡುಗರಿಗೆ ನೆರಳು ಕೊಡುವ ಬೇವು, ಹೊಂಗೆ, ಹುಣಸೆ, ನೇರಳೆ ಇರುವಾಗ ಅದರ ಹಂಗು ಯಾಕೆ? ಗಿಡ್ಡ ಗಿಡ ಬೇಕೆಂದರೆ ದಾಸವಾಳ, ಕರಿಬೇವು, ಸೀತಾಫಲ ಇವೆ. ಕಣಗಿಲೆ ಮಾತ್ರ ಶಾಲೆಯೊಳಗೆ ಬೇಡ. ಹೂವು ಚೆಂದ ನಿಜ, ಆದರೆ ಅದರ ಎಲೆ, ಕಾಂಡ ಎಲ್ಲವೂ ವಿಷ. ಸಣ್ಣ ಮಕ್ಕಳು ಓಡಾಡುವ ಜಾಗ.

ನೀರು ಹಾಕುವವರೇ ಇಲ್ಲದ ಕಡೆ ಹಸಿರು ಬೇಕೆಂದರೆ ಸಸಿ ಇಡಬೇಡಿ, ಬೀಜ ಬಿತ್ತಿ. ಖಮ್ಮಂ ಜಿಲ್ಲೆಯ ವನಜೀವಿ ರಾಮಯ್ಯ 2017ರಲ್ಲಿ ಪದ್ಮಶ್ರೀ ಪಡೆದವರು, 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರು ಸೈಕಲ್ ಮೇಲೆ ಬೀಜದ ಚೀಲ ಇಟ್ಟುಕೊಂಡು ತಿರುಗುತ್ತಿದ್ದರು. ನೆಲದಲ್ಲೇ ಮೊಳೆತ ಬೀಜ ಮೊದಲು ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ, ಆಮೇಲೆ ಎಲೆ ಬಿಡುತ್ತದೆ. ನರ್ಸರಿ ಚೀಲದಲ್ಲಿ ಬೆಳೆದ ಸಸಿಗೆ ಆ ಭಾಗ್ಯವಿಲ್ಲ, ಅದರ ಬೇರು ಚೀಲದಲ್ಲೇ ಸುತ್ತುತ್ತಿರುತ್ತದೆ. ಬೇವಿನ ಬೀಜವನ್ನು ಮಾತ್ರ ಮರದಿಂದ ಬಿದ್ದ ಎರಡು ಮೂರು ವಾರದೊಳಗೆ ಬಿತ್ತಬೇಕು, ಇಟ್ಟರೆ ಮೊಳಕೆ ಬರುವುದಿಲ್ಲ. ಹುಣಸೆ ಬೀಜ ತಿಂಗಳುಗಟ್ಟಲೆ ತಾಳುತ್ತದೆ. ಬೇಲಿ ಗುಂಟ, ಹಳ್ಳದ ದಂಡೆಗೆ ಹುಡುಗರು ಬೀಜ ಹಾಕಲಿ. ಅಂಗಳದಲ್ಲಿ ಮಾತ್ರ ಲೆಕ್ಕದ ಸಸಿ ಇರಲಿ.

ಆ ಲೆಕ್ಕದ ಸಸಿಯನ್ನೂ ನಾವು ಹೇಗೆ ನೆಡುತ್ತೇವೆ ನೋಡಿ. ಎಷ್ಟೋ ಕಡೆ ಪ್ಲಾಸ್ಟಿಕ್ ಚೀಲದ ಸಮೇತ ಗುಂಡಿಗೆ ಇಳಿಸಿಬಿಡುತ್ತಾರೆ! ಒಣಗಿದ ಸಸಿ ಕಿತ್ತರೆ ಚೀಲವೂ ಜೊತೆಗೇ ಬರುತ್ತದೆ. ಆದ್ದರಿಂದ ಗೊತ್ತಿದ್ದದ್ದೇ ಆದರೂ ಮತ್ತೆ ಬರೆಯುತ್ತೇನೆ, ನೋಟೀಸು ಬೋರ್ಡಿಗೆ ಹಚ್ಚಿಕೊಳ್ಳಿ.

1. ಗುಂಡಿ ಒಂದೂವರೆ ಅಡಿಯಿಂದ ಎರಡಡಿ ಉದ್ದ, ಅಗಲ, ಆಳ ಇರಲಿ. ತೆಗೆದ ಮಣ್ಣಿಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಸ್ವಲ್ಪ ಸೇರಿಸಿ. ಹಸಿ ಸೆಗಣಿ ಹಾಕಿದರೆ ಗೆದ್ದಲಿಗೆ ಆಮಂತ್ರಣ ಕೊಟ್ಟಂತೆ. ನೆಟ್ಟ ಕೂಡಲೇ ಯೂರಿಯಾ ಬೇಡವೇ ಬೇಡ.

2. ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ಸುತ್ತಿಕೊಂಡ ಬೇರನ್ನು ಬಿಡಿಸಿ, ಬಿಡಿಸಲು ಬಾರದ್ದನ್ನು ಕತ್ತರಿಸಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೇ ಹೂಳಿ. ಕಾಂಡವನ್ನು ಮಣ್ಣಲ್ಲಿ ಮುಚ್ಚಬೇಡಿ.

3. ಮೊದಲ ಕೆಲವು ವಾರ ಬುಡದ ಹತ್ತಿರವೇ ನೀರು ಹಾಕಿ, ಯಾಕೆಂದರೆ ಬೇರು ಇನ್ನೂ ಚೀಲದ ಮಣ್ಣಿನ ಮುದ್ದೆಯಲ್ಲೇ ಇರುತ್ತದೆ. ಸುತ್ತಲಿನ ನೆಲ ಹಸಿ ಇದ್ದರೂ ಆ ಮುದ್ದೆ ಬೇಗ ಒಣಗುತ್ತದೆ. ಆಮೇಲೆ ಪಾತಿಯನ್ನು ಅಗಲ ಮಾಡುತ್ತಾ ಹೋಗಿ, ನೀರನ್ನು ಹುಡುಕಿಕೊಂಡು ಬೇರು ಹೊರಗೆ ಬರುತ್ತದೆ.

4. ದಿನಾ ಒಂದು ಲೋಟ ಬೇಡ, ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವಂತೆ ಹಾಕಿ. ಮಸಾರಿ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಎರೆ ಮಣ್ಣಿನಲ್ಲಿ ನಿಲ್ಲುತ್ತದೆ, ಅಲ್ಲಿ ಮಳೆಗಾಲದಲ್ಲಿ ಬುಡ ಕೊಳೆಯದಂತೆ ನೋಡಿಕೊಳ್ಳಿ. ಎರಡು ಬೆರಳು ಆಳ ಮಣ್ಣು ಕೆದಕಿ ನೋಡಿದರೆ ನೀರು ಬೇಕೋ ಬೇಡವೋ ಎಂದು ಮೂರನೇ ತರಗತಿಯ ಹುಡುಗಿಯೂ ಹೇಳುತ್ತಾಳೆ.

5. ಪಾತಿಗೆ ಶೇಂಗಾ ಹೊಟ್ಟನ್ನೋ ಒಣಗಿದ ಎಲೆಗಳನ್ನೋ ಮೂರು ನಾಲ್ಕು ಬೆರಳು ದಪ್ಪ ಹಾಸಿ. ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ. ಗೆದ್ದಲು ಬಂದಿದೆಯೇ ಎಂದು ಆಗಾಗ ಎತ್ತಿ ನೋಡಿ.

6. ರಜೆಗೆ ಮುಂಚೆ ಪ್ರತಿ ಗಿಡದ ಪಕ್ಕ ಒಂದು ಮಣ್ಣಿನ ಗಡಿಗೆ ಹೂಳಿ, ಬಾಯಿ ಮಾತ್ರ ಮೇಲಿರಲಿ, ಅದಕ್ಕೊಂದು ಮುಚ್ಚಳ. ಒಳಗಿನ ನೀರು ಗಡಿಗೆಯ ಮೈಯಿಂದ ನಿಧಾನ ಜಿನುಗಿ ಬೇರಿಗೆ ಸೇರುತ್ತದೆ, ಬಿಸಿಲಿಗೆ ಆರಿ ಹೋಗುವುದಿಲ್ಲ. ಆಸ್ಪತ್ರೆಯ ಹಳೆಯ ಸಲೈನ್ ಬಾಟಲಿ ಮಾತ್ರ ಮಕ್ಕಳ ಕೈಗೆ ಕೊಡಬೇಡಿ.

7. ಬೇಲಿಗೆ ದುಡ್ಡಿಲ್ಲ ಎನ್ನಬೇಡಿ. ನಾವು ಬಳ್ಳಾರಿ ಜಾಲಿ ಎನ್ನುವ, ತೆಲುಗಿನವರು ಸರ್ಕಾರು ತುಮ್ಮ ಎನ್ನುವ ಮುಳ್ಳು ಊರ ತುಂಬ ಬಿದ್ದಿದೆ. ಅದು ಇನ್ಯಾವ ಉಪಕಾರಕ್ಕೆ ಬಂದಿದೆ? ಇದಕ್ಕಾದರೂ ಬರಲಿ.

8. ಆಸರೆ ಕೋಲಿಗೆ ಹಳೆಯ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಹಗ್ಗ ಕಾಂಡ ದಪ್ಪವಾದಂತೆ ಕೊರಳು ಬಿಗಿಯುತ್ತದೆ. ವರ್ಷವಾದ ಮೇಲೆ ಕೋಲು ತೆಗೆಯಿರಿ. ಮರವಾದ ಮೇಲೆ ಬುಡಕ್ಕೆ ಒತ್ತಿ ಸಿಮೆಂಟಿನ ಕಟ್ಟೆಯನ್ನೂ ಕಟ್ಟಬೇಡಿ.

ಇಷ್ಟೆಲ್ಲ ಇನ್ನೂರು ಗಿಡಕ್ಕೆ ಮಾಡಲು ಸಾಧ್ಯವೇ? ಇಲ್ಲ. ಹತ್ತಕ್ಕೆ ಸಾಧ್ಯ. ನಾನು ಹೇಳುತ್ತಿರುವುದೂ ಅಷ್ಟೇ.

"ಮೇಲಿನಿಂದ ಆದೇಶ ಬರುತ್ತದೆ, ನಾವೇನು ಮಾಡೋಣ?" ಎನ್ನುವ ಸಹೋದ್ಯೋಗಿಗಳಿಗೆ ಒಂದು ಮಾತು. ಸಂಖ್ಯೆ ಕಡಿಮೆ ಮಾಡಿ ಎಂದು ಬರೆದು ಕೇಳಿ, ಕಾರಣ ಬರೆಯಿರಿ, ಮೇಲಿನ ನೀರಿನ ಲೆಕ್ಕವನ್ನೇ ಬರೆಯಿರಿ. ಸುಮ್ಮನೆ ಒಪ್ಪಿಕೊಂಡು ಸುಳ್ಳು ಸಂಖ್ಯೆ ಬರೆಯುವುದಕ್ಕಿಂತ ಅದು ಮರ್ಯಾದೆಯ ಕೆಲಸ. ಯಾಕೆಂದರೆ ಮಕ್ಕಳು ನೋಡುತ್ತಿರುತ್ತಾರೆ ಮಾಸ್ತರೇ. ಅಂಗಳದಲ್ಲಿ ಮೂರು ಗಿಡ ಇರುತ್ತವೆ, ಕಾಗದದಲ್ಲಿ ನೂರಾ ಎಪ್ಪತ್ತು ಇರುತ್ತವೆ. ತಾವೇ ನೆಟ್ಟ ಗಿಡ ಒಣಗಿದ್ದನ್ನು ಜೂನ್‌ನಲ್ಲಿ ಕಂಡ ಮಗುವಿನ ಕೈಗೆ ಜುಲೈನಲ್ಲಿ ಮತ್ತೊಂದು ಸಸಿ ಕೊಟ್ಟು ನಗು ಎನ್ನುತ್ತೇವೆ. ಪರಿಸರ ಪಾಠದ ಪುಸ್ತಕ ಕಲಿಸಿದ್ದೆಲ್ಲ ಅವತ್ತೇ ಅಳಿಸಿ ಹೋಗುತ್ತದೆ. ಬರೆಯುವುದು ಬೇರೆ, ಇರುವುದು ಬೇರೆ ಎಂಬ ಪಾಠವೊಂದೇ ಉಳಿಯುತ್ತದೆ. ಒಣಗಿದ ಗಿಡಕ್ಕಿಂತ ನನಗೆ ಇದರದೇ ಹೆಚ್ಚು ಸಂಕಟ.

ಗಡಿಯ ಈಚೆಯ ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಗೆ ಇದು ಇನ್ನೂ ಮುಖ್ಯ. ಮಕ್ಕಳ ಸಂಖ್ಯೆ ಕಡಿಮೆ, ಮಾಸ್ತರರೂ ಕಡಿಮೆ. ಒಬ್ಬರು ವರ್ಗವಾಗಿ ಹೋದರೆ ಅವರು ಸಾಕಿದ ಗಿಡ ಅನಾಥ. ಆದ್ದರಿಂದ ಗಿಡವನ್ನು ಮಾಸ್ತರರ ಹೆಸರಲ್ಲಿ ಇಡಬೇಡಿ, ಶಾಲೆಗೆ ಹತ್ತಿರದ ಮನೆಯ ಹೆಸರಲ್ಲಿ ಇಡಿ. ಒಂದು ಗಿಡ, ಒಂದು ಮನೆ. ರಜೆಯಲ್ಲಿ ಗೇಟಿನ ಬೀಗದ ಕೈ ಒಂದು ಪಾಲಕರ ಹತ್ತಿರ ಇರಲಿ. ಗಿಡಗಳಿಗೊಂದು ಹಾಜರಿ ಪುಸ್ತಕ ಮಾಡಿ, ಕನ್ನಡದಲ್ಲಿ. ತಿಂಗಳಿಗೊಮ್ಮೆ ಎತ್ತರ ಎಷ್ಟು, ಹೊಸ ಎಲೆ ಬಂತೇ, ನೀರು ಯಾರು ಹಾಕಿದರು ಎಂದು ಐದನೇ ತರಗತಿಯವರು ಬರೆಯಲಿ. ಗಣಿತವೂ ಆಯಿತು, ಕನ್ನಡ ಬರವಣಿಗೆಯೂ ಆಯಿತು. ಸತ್ತ ಗಿಡವನ್ನು ಸತ್ತಿತು ಎಂದೇ ಬರೆಯಲಿ, ಯಾಕೆ ಸತ್ತಿತು ಎಂದೂ ಬರೆಯಲಿ. ಮೂರು ಬೇಸಿಗೆ ಹಾಜರಿ ಹಾಕಿದ ಗಿಡಕ್ಕೆ ಮಾತ್ರ "ಮರ" ಎಂದು ಹೆಸರು ಕೊಡೋಣ. ಅಲ್ಲಿಯವರೆಗೆ ವರದಿಯಲ್ಲಿ ಅದನ್ನು ಎಣಿಸುವುದೇ ಬೇಡ.

ವರ್ಷಕ್ಕೆ ಹತ್ತು ಎಂದರೂ ಐದು ವರ್ಷಕ್ಕೆ ಐವತ್ತು. ಐವತ್ತು ಬೇವು, ಹೊಂಗೆ ಇರುವ ಒಂದೇ ಒಂದು ಶಾಲೆ ನಮ್ಮ ಸೀಮೆಯಲ್ಲಿ ತೋರಿಸಿ, ಈ ಬರಹವನ್ನು ನಾನೇ ಅಳಿಸಿ ಹಾಕುತ್ತೇನೆ. ಎರಡೇ ಕೋಣೆಯ ಶಾಲೆಗೆ ಒಂದು ದೊಡ್ಡ ಮರ ಎಂದರೆ ಮೂರನೇ ಕೋಣೆ ಎಂದು ತಿಳಿಯಿರಿ.

ಪಾಲಕರೇ, ಬರುವ ಜುಲೈನಲ್ಲಿ ಶಾಲೆಯಿಂದ ಗಿಡ ನೆಡಲು ಕರೆ ಬಂದರೆ ಹೋಗಿ. ಆದರೆ ಗುಂಡಿಯ ಹತ್ತಿರ ನಿಂತು, ಫೋಟೋಕ್ಕೆ ಮೊದಲು, ಗಟ್ಟಿಯಾಗಿ ಕೇಳಿ. ಮಾಸ್ತರೇ, ಅಕ್ಕೋರೇ, ಮೇ ತಿಂಗಳಲ್ಲಿ ಇದಕ್ಕೆ ನೀರು ಯಾರು ಹಾಕುತ್ತಾರೆ? ಉತ್ತರ ಬರದಿದ್ದರೆ ಸಸಿಯನ್ನು ಮನೆಗೆ ತೆಗೆದುಕೊಂಡು ಹೋಗಿ ಬಚ್ಚಲ ನೀರು ಹರಿಯುವ ಕಡೆ ನೆಡಿ. ಪಾಪ, ಅಲ್ಲಾದರೂ ಬದುಕಲಿ.

ಏನಂತೀರಿ?